ಮೂರು ಮನೆಯ ಮೋನಮ್ಮ

ನಮ್ಮ ಕಾಲುವೆ ಕಚೇರಿಗೆ ಲ್ಯಾಪ್‌ಟಾಪ್ ಬಂದ ದಿನ ಸಾಹೇಬರು ಅದಕ್ಕೆ ಕುಂಕುಮ ಹಚ್ಚಿ ಊದಬತ್ತಿ ಬೆಳಗಿದರು. ಕಾಯಿ ಒಡೆಯಲು ಹೊರಟವರನ್ನು ನಾನೇ ತಡೆದೆ. ನೀರು ಸಿಡಿದರೆ ಅದು ಅಲ್ಲೇ ಕಣ್ಣು ಮುಚ್ಚೀತು ಅಂದೆ. ನನ್ನ ಹೆಸರು ಮರಿಲಿಂಗಪ್ಪ, ಶಹಾಪುರದ ಕಚೇರಿಯಲ್ಲಿ ಟ್ರೇಸರ್. ಕಾಲುವೆ, ಉಪಕಾಲುವೆ, ತೂಬುಗಳ ನಕ್ಷೆಯನ್ನು ಮಸಿಯಲ್ಲಿ ತಿದ್ದಿ ತೆಗೆಯುವುದು ನನ್ನ ಕೆಲಸ. ಗುಂಡಿ ಒತ್ತಿದರೆ ಗೆರೆ ಮೂಡುವ ಯಂತ್ರದ ಮೇಲೆ ನನಗೆ ಅಂದೂ ಪ್ರೀತಿ ಇರಲಿಲ್ಲ, ಇಂದೂ ಇಲ್ಲ. ಹಾಗಾಗಿ "ಇದನ್ನ ಯಾರು ನೋಡ್ಕೋತೀರಿ?" ಎಂದು ಸಾಹೇಬರು ಕೇಳಿದಾಗ ನಾನು ಕಿಟಕಿಯ ಹೊರಗೆ ನೋಡಿದೆ. ಉಳಿದವರೆಲ್ಲ ಮೋನಮ್ಮನ ಕಡೆ ನೋಡಿದರು. ಯಾರಿಗೂ ಬೇಡವಾದ ಕೆಲಸ ನಮ್ಮಲ್ಲಿ ಕೊನೆಗೆ ಅವಳ ಮೇಜಿಗೇ ಬರುತ್ತಿತ್ತು.

ಮೋನಮ್ಮ ದಿನಗೂಲಿ ಟೈಪಿಸ್ಟು. ದೇವಾಪುರದ ಮಗಳು, ಶಹಾಪುರದ ಸೊಸೆ. ಪಿಯುಸಿ ಮುಗಿಸಿ, ಸುರಪುರಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ಟೈಪಿಂಗ್ ಕಲಿತವಳು. ಎತ್ತರದ ಹೆಂಗಸು, ಆದರೆ ಬಾಗಿಲಲ್ಲಿ ನಿಂತರೆ ಯಾರಿಗೋ ದಾರಿ ಬಿಡುವವಳ ಹಾಗೆ ಒಂದು ಪಕ್ಕಕ್ಕೆ ಸರಿದೇ ನಿಲ್ಲುತ್ತಿದ್ದಳು. ನನಗೆ ಅದನ್ನು ನೋಡಿದರೆ ಸಿಟ್ಟು ಬರುತ್ತಿತ್ತು. "ನೆಟ್ಟಗ ನಿಂದ್ರು ತಂಗಿ, ಬಾಗಲಾ ಅಗಲ ಅದ," ಎಂದು ಎಷ್ಟು ಸಲ ಅಂದಿದ್ದೇನೋ.

ಅವಳ ಗಂಡ ಖಂಡಪ್ಪನಿಗೆ ಶಹಾಪುರದಲ್ಲಿ ಕಿರಾಣಿ ಅಂಗಡಿ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನಾವೆಲ್ಲ ಅವನನ್ನು ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಮಕ್ಕಳಾಗಲಿಲ್ಲವೆಂದು ಅವನ ತಾಯಿ ಹಟ ಹಿಡಿದು ಮಲ್ಲಾಬಾಯಿಯನ್ನು ಎರಡನೆಯವಳಾಗಿ ತಂದಳು. ಖಂಡಪ್ಪ ತಲೆ ತಗ್ಗಿಸಿ ಹೂಂ ಅಂದ. ಮಲ್ಲಾಬಾಯಿಗೆ ಮಕ್ಕಳಾದವು. ಮೋನಮ್ಮನನ್ನು ಯಾರೂ ಹೊರಗೆ ಹಾಕಲಿಲ್ಲ. ಪಡಸಾಲೆಯಲ್ಲಿ ಅವಳ ಮಂಚ ಹಾಗೇ ಇತ್ತು. ಅವಳಿಲ್ಲದಾಗ ಅದರ ಮೇಲೆ ಅಂಗಡಿಯ ಬೇಳೆ ಚೀಲ ಇಡುತ್ತಿದ್ದರು, ಬಂದಾಗ ಇಳಿಸುತ್ತಿದ್ದರು. ಇದಕ್ಕೆ ಏನನ್ನಬೇಕೋ ನನಗೆ ಇವತ್ತಿಗೂ ತಿಳಿಯದು.

ಅವಳಿಗೆ ಜೀವನದಲ್ಲಿ ಬೇಕಾಗಿದ್ದದ್ದು ಒಂದೇ, ಕಾಲುವೆ ಕ್ಯಾಂಪಿನಲ್ಲಿ ಒಂದು ಕ್ವಾರ್ಟರ್ಸ್. ಒಂದು ಖೋಲಿ, ಒಂದು ಅಡುಗೆಮನೆ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು. ಅದು ಕಾಯಂ ನೌಕರರಿಗೆ ಮಾತ್ರ. ದಿನಗೂಲಿಯವರಿಗೆ ಅದರ ನೆರಳೂ ಇಲ್ಲ. ಆದರೂ ಯಾವ ಸಾಲಿನಲ್ಲಿ ಯಾವ ಮನೆ ಖಾಲಿ ಇದೆ ಎಂಬುದು ಮೋನಮ್ಮನಿಗೆ ಗೊತ್ತಿರುತ್ತಿತ್ತು.

"ಅಣ್ಣಾರ, ಆ ಮೂಲಿ ಮನಿ ಇನ್ನಾ ಖಾಲಿ ಅದಲ್ರಿ?"

"ಖಾಲಿ ಅದ. ನಿನಗ್ಯಾರು ಕೊಡ್ತಾರ?"

"ಕೊಡಂಗಿಲ್ಲಂತ ಗೊತ್ತದ್ರಿ. ನೋಡಾಕೇನ್ ಪರವಾನಗಿ ಬೇಕೇನ್ರಿ?" ಎಂದು ನಗುತ್ತಿದ್ದಳು. ಆ ನಗು ಕೇಳಿದರೆ ನನಗೆ ಟೇಬಲ್ಲಿನ ಮೇಲಿನ ಮಸಿ ದೌತಿ ಎತ್ತಿ ಎಸೆಯಬೇಕು ಅನಿಸುತ್ತಿತ್ತು.

ಆಗ ಕಾಲುವೆಗೆ ನೀರು ಬಂದು, ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ಭತ್ತ ಕಾಣಿಸಿಕೊಂಡಿದ್ದ ಕಾಲ, ಎರಡು ಸಾವಿರದ ಮೂರರ ಸುಮಾರು. ಯಾವ ಉಪಕಾಲುವೆಗೆ ಎಷ್ಟು ನೀರು ಹೋಯಿತೆಂದು ಪುಣೆಯ ಒಂದು ಸಲಹಾ ಕಂಪನಿಗೆ ಇ-ಮೇಲ್‌ನಲ್ಲಿ ತಿಳಿಸಬೇಕೆಂದು ಮೇಲಿನಿಂದ ಹುಕುಂ ಬಂತು. ಶಹಾಪುರ, ಸುರಪುರ, ಯಾದಗಿರಿ ಮೂರೂ ಕಡೆ ನಮ್ಮ ಶಾಖೆಗಳಿದ್ದವು. ಲ್ಯಾಪ್‌ಟಾಪ್ ಒಂದೇ. ಆದ್ದರಿಂದ ವಾರದಲ್ಲಿ ಎರಡೆರಡು ದಿನ ಒಂದೊಂದು ಊರಿಗೆ ಯಂತ್ರ ಹೋಗಬೇಕು, ಅದರ ಜೊತೆ ಮೋನಮ್ಮನೂ ಹೋಗಬೇಕು ಎಂದು ಸಾಹೇಬರು ತೀರ್ಮಾನಿಸಿದರು. ಡ್ರೈವರ್ ರಾಜಾಸಾಬ ಅವಳನ್ನು ಜೀಪಿನಲ್ಲಿ ಬಿಟ್ಟು ಬರುತ್ತಿದ್ದ.

ತೊಂದರೆ ಶುರುವಾದದ್ದು ಆಗಲೇ. ಶಹಾಪುರದಲ್ಲಿ ಇಂಟರ್ನೆಟ್ ಅಂದರೆ ಟೆಲಿಫೋನ್ ಲೈನು. ಕೋಳಿಯ ಕುತ್ತಿಗೆ ಹಿಚುಕಿದ ಹಾಗೆ ಒಂದಷ್ಟು ಹೊತ್ತು ಕಿರುಚಿ ಆಮೇಲೆ ಕನೆಕ್ಟ್ ಆಗುತ್ತಿತ್ತು. ಸುರಪುರದ ಶಾಖೆಯ ಛತ್ತಿನ ಮೇಲೆ ಕಂಪನಿಯವರೇ ಒಂದು ದೊಡ್ಡ ಡಿಶ್ ಕೂರಿಸಿದ್ದರು. ಯಾದಗಿರಿಯಲ್ಲಿ ಎರಡೂ ಇಲ್ಲ. ಅಲ್ಲಿ ಸ್ಟೇಷನ್ ರಸ್ತೆಯ ನಸೀರುದ್ದೀನನ ಝೆರಾಕ್ಸ್ ಅಂಗಡಿಗೆ ಹೋಗಿ, ಅವನ ಕೇಬಲ್ ಲೈನು ಚುಚ್ಚಿಕೊಳ್ಳಬೇಕು. ಶಹಾಪುರದಿಂದ ಇ-ಮೇಲ್ ಸಲೀಸಾಗಿ ಹೋಯಿತು. ಸುರಪುರದಿಂದ ಹೋಗಲಿಲ್ಲ. ಯಾದಗಿರಿಯಿಂದಲೂ ಹೋಗಲಿಲ್ಲ. ಬರೆದ ಪತ್ರಗಳೆಲ್ಲ ಯಂತ್ರದೊಳಗೇ ಸಾಲುಗಟ್ಟಿ ಕೂತವು. ಮಜಾ ಅಂದರೆ, ಪುಣೆಯಿಂದ ಬರುವುದು ಮಾತ್ರ ಎಲ್ಲಿ ಕೂತರೂ ಬರುತ್ತಿತ್ತು. "ಲೆಕ್ಕ ಯಾಕೆ ಬಂದಿಲ್ಲ?" "ಎರಡನೇ ಸಲ ನೆನಪಿಸುತ್ತಿದ್ದೇವೆ." ಬೈಗುಳ ಬರುತ್ತಿತ್ತು, ಜವಾಬು ಹೋಗುತ್ತಿರಲಿಲ್ಲ. ಮೋನಮ್ಮನ ಇಡೀ ಬಾಳೇ ಹೀಗಿತ್ತು ಅಂತ ನನಗೆ ಆಗ ಅನಿಸಿತ್ತು, ಅದನ್ನು ಅವಳಿಗೆ ಹೇಳಲಿಲ್ಲ.

ಗಂಟು ಬಿಡಿಸಿದವನು ನಸೀರುದ್ದೀನ. ಮೋನಮ್ಮ ಅಳುವ ಮುಖ ಮಾಡಿಕೊಂಡು ಅವನ ಅಂಗಡಿಯಲ್ಲಿ ಕೂತಿದ್ದಾಗ ನಾನೂ ಅಲ್ಲಿದ್ದೆ, ನಕ್ಷೆಯ ಪ್ರತಿ ತೆಗೆಸಲು ಹೋಗಿದ್ದೆ.

"ಇದ್ರಾಗ ಘಾಬರಿ ಆಗೂದೇನದ ಅಕ್ಕಾ?" ಅಂದ ಅವನು. "ಬರೂ ಟಪಾಲ್ ಎಲ್ಲಿ ಕುಂತ್ರೂ ಬರ್ತದ. ಹೋಗೂದು ಮಾತ್ರ ಯಾರ ಲೈನ್ ಮ್ಯಾಲ ಕುಂತೀರಿ ಅವ್ರ ಬಾಗಲದಿಂದೇ ಹೋಗ್ಬೇಕು. ನೀವು ಶಹಾಪುರದ ಬಾಗಲಾ ಹಾಕ್ಕೊಂಡು ನನ್ನ ಲೈನ್ ಮ್ಯಾಲ ಕುಂತ್ರ, ಅವ್ರು 'ಈಕಿ ನಮ್ಮಾಕಿ ಅಲ್ಲ' ಅಂತ ಒಳಗ ಬಿಡಂಗಿಲ್ಲ."

"ಹಂಗಾದ್ರ ಊರೂರಿಗೆ ಅದನ್ನ ಬದ್ಲಿ ಮಾಡ್ಬೇಕೇನಪಾ?"

"ಅದೆಲ್ಲಾ ಬ್ಯಾಡ. ಮೂರು ಖಾತೆ ಮಾಡಿ ಇಡೋಣು. ವಿಳಾಸ ಒಂದೇ, ಹೋಗೂ ಬಾಗಲಾ ಬ್ಯಾರೆ ಬ್ಯಾರೆ. ಯಾವ ಊರಾಗ ಅದೀರಿ ಆ ಖಾತೆ ಮ್ಯಾಲ ಒತ್ರಿ, ಮುಗೀತು."

ಅವನು ಖಾತೆ ತೆರೆಯಲು ಕೂತ. ಮೊದಲನೇ ಪ್ರಶ್ನೆಯೇ ಹೆಸರು ಕೇಳಿತು. "ಗುರ್ತಿಗೆ ಒಂದೊಂದು ಹೆಸರು ಹಾಕ್ರಿ, ಬಂದೆ," ಎಂದು ಹೇಳಿ ಗಿರಾಕಿಯ ಕಡೆ ಎದ್ದು ಹೋದ. ಬೇರೆ ಯಾರಾದರೂ ಆಗಿದ್ದರೆ ಶಹಾಪುರ, ಸುರಪುರ, ಯಾದಗಿರಿ ಅಂತ ಬರೆಯುತ್ತಿದ್ದರು. ಮೋನಮ್ಮನ ವಾರ ಊರುಗಳ ಲೆಕ್ಕದಲ್ಲಿ ಇರಲಿಲ್ಲ. ಶಹಾಪುರದಲ್ಲಿದ್ದ ದಿನ ಅವಳು ಖಂಡಪ್ಪನ ಮನೆಯಲ್ಲಿ ಮಲಗುತ್ತಿದ್ದಳು. ಸುರಪುರದ ಪಾಳಿ ಬಂದರೆ ಸಂಜೆ ದೇವಾಪುರಕ್ಕೆ, ಅಣ್ಣ ಯಂಕಣ್ಣನ ಮನೆಗೆ ಹೋಗುತ್ತಿದ್ದಳು. ಯಾದಗಿರಿಯಲ್ಲಿ ಅಕ್ಕ ಲಾಲಮ್ಮ ಇದ್ದಳು. ಮೋನಮ್ಮ ಬೆರಳಿಟ್ಟು ಬರೆದದ್ದು ಹೀಗೆ: ಗಂಡನಮನಿ, ತವರಮನಿ, ಅಕ್ಕನಮನಿ. ಆಗ ಯಂತ್ರಕ್ಕೆ ಕನ್ನಡ ಬರುತ್ತಿರಲಿಲ್ಲವಾದ್ದರಿಂದ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಳು. ಪಕ್ಕದಲ್ಲೇ ನಿಂತಿದ್ದ ನಾನು ಓದಿ ನಕ್ಕೆ. ಅವಳೂ ನಕ್ಕಳು.

ಆ ಹೆಸರು ಬರೀ ಗುರುತಿಗೆ ಉಳಿಯುವುದಿಲ್ಲ, ಪತ್ರದ ನೆತ್ತಿಯ ಮೇಲೆ ಕಳಿಸಿದವರ ಹೆಸರಾಗಿ ಕೂತು ಪುಣೆಯ ತನಕ ಹೋಗುತ್ತದೆ ಎಂದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ. ನಸೀರುದ್ದೀನ ವಾಪಸು ಬಂದವನು ಆ ಪುಟ ತಿರುಗಿಸಿ ನೋಡಲಿಲ್ಲ. ಸ್ವಲ್ಪ ದಿನಕ್ಕೆ ಪುಣೆಯಿಂದ ಬರುವ ಪತ್ರಗಳ ಮೇಲೆ "ಶ್ರೀಮತಿ ತವರಮನಿಯವರಿಗೆ", "ಶ್ರೀಮತಿ ಅಕ್ಕನಮನಿಯವರಿಗೆ" ಎಂದು ಇರತೊಡಗಿತು. ನಮ್ಮ ಕಡೆ ದೊಡ್ಡಮನಿ, ಹೊಸಮನಿ ಎಂಬ ಅಡ್ಡಹೆಸರಿನವರು ಓಣಿಗೊಬ್ಬರು ಇದ್ದಾರೆ. ಪುಣೆಯವರಿಗೆ ಸಂಶಯ ಬರಲು ಕಾರಣವೇ ಇರಲಿಲ್ಲ. ಮೋನಮ್ಮ ಅದನ್ನು ಮಷಿನ್ನಿನ ರೀತಿ ಎಂದುಕೊಂಡಳು. "ಯಾವ ಖಾತೆಯಿಂದ ಹೋಗ್ತದ ಆ ಖಾತೆ ಹೆಸರಿಗೇ ಬರ್ತದ್ರಿ ಅಣ್ಣಾರ," ಎಂದು ನನಗೇ ಪಾಠ ಹೇಳಿದಳು. ಅವಳನ್ನು ಶ್ರೀಮತಿ ಎಂದು ಕರೆಯುವವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ಆ ಸಾಲನ್ನು ಎರಡೆರಡು ಸಲ ಓದುತ್ತಿದ್ದಳು ಕೂಡ.

ಹೀಗೇ ವರ್ಷಗಳು ಹೋದವು. ಊರು ಬದಲಾದಂತೆ ಅವಳು ಖಾತೆ ಬದಲಿಸುತ್ತಿದ್ದಳು, ಪತ್ರ ಹೋಗುತ್ತಿತ್ತು. ಬದಲಾಗುತ್ತಿದ್ದದ್ದು ಖಾತೆ ಒಂದೇ ಆಗಿದ್ದರೆ ನಾನು ಇದನ್ನು ಬರೆಯಲು ಕೂರುತ್ತಿರಲಿಲ್ಲ. ಗಂಡನ ಮನೆಯಲ್ಲಿ ಅವಳು ತಲೆಯ ಮೇಲೆ ಸೆರಗು ಹೊದ್ದು, ಕೇಳಿದರೆ ಮಾತ್ರ ಮಾತಾಡುತ್ತಿದ್ದಳು. ತವರಿನಲ್ಲಿ ಅತ್ತಿಗೆಗೆ ಭಾರವಾಗಬಾರದೆಂದು ಎಲ್ಲರಿಗಿಂತ ಮೊದಲು ಎದ್ದು ಕಸ ಹೊಡೆಯುತ್ತಿದ್ದಳು. ಲಾಲಮ್ಮನಿಗೆ ನಗುವವರು ಬೇಕು, ಹಾಗಾಗಿ ಯಾದಗಿರಿಯಲ್ಲಿ ಮೋನಮ್ಮ ಹಾಸ್ಯ ಮಾಡುತ್ತಿದ್ದಳಂತೆ. ನಾವು ಕಚೇರಿಯಲ್ಲಿ ಅವಳ ಬಾಯಿಂದ ಒಂದು ಹಾಸ್ಯವನ್ನೂ ಕೇಳಿದವರಲ್ಲ. "ಸರ್ರ, ನನ್ನ ಜೀಪಿನ್ಯಾಗ ಒಬ್ಬಾಕಿ ಹತ್ತತಾಳ, ಇನ್ನೊಬ್ಬಾಕಿ ಇಳೀತಾಳ," ಎಂದು ರಾಜಾಸಾಬ ಒಮ್ಮೆ ನನಗೆ ಹೇಳಿದ. ಯಾವ ಮನೆಯಲ್ಲೂ ಅವಳು ಪಾಳಿಗಿಂತ ಒಂದು ದಿನ ಹೆಚ್ಚು ನಿಲ್ಲುತ್ತಿರಲಿಲ್ಲ. ಕೇಳಿದರೆ, "ಅವ್ರಿಗೆ ಬ್ಯಾಸರ ಬರೂದ್ರಾಗ ಎದ್ದು ಬರ್ಬೇಕ್ರಿ," ಅನ್ನುತ್ತಿದ್ದಳು. ಇದನ್ನೆಲ್ಲ ಅವಳು ದೂರುವ ದನಿಯಲ್ಲಿ ಹೇಳುತ್ತಿರಲಿಲ್ಲ, ಬಸ್ಸಿನ ವೇಳೆ ಹೇಳಿದ ಹಾಗೆ ಹೇಳುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಪುಣೆಯಿಂದ ಸಾಹೇಬರಿಗೆ ಕಾಗದ ಬಂತು. ಕೆಲಸ ಚೆನ್ನಾಗಿ ನಡೆದಿದೆ, ಕಂಪನಿಯ ಶಿಫಾರಸಿನ ಮೇಲೆ ಇಲಾಖೆಯಿಂದ ಒಂದು ಕಾಯಂ ಹುದ್ದೆ ಮಂಜೂರಾಗಿದೆ, ಕ್ಯಾಂಪಿನಲ್ಲಿ ಕ್ವಾರ್ಟರ್ಸ್ ಸಹಿತ. ಮೋನಮ್ಮನ ಮೂಲೆ ಮನೆಯೇ ಕಣ್ಣೆದುರು ಬಂದು ನನಗೆ ಕುಣಿಯಬೇಕೆನಿಸಿತು. ಆದರೆ ಕಾಗದ ಮುಂದುವರಿದಿತ್ತು. ಹುದ್ದೆ ಒಂದೇ ಆದ್ದರಿಂದ, ಈಗ ಕೆಲಸ ಮಾಡುತ್ತಿರುವ ಶ್ರೀಮತಿ ಗಂಡನಮನಿ, ಶ್ರೀಮತಿ ತವರಮನಿ ಮತ್ತು ಶ್ರೀಮತಿ ಅಕ್ಕನಮನಿ ಈ ಮೂವರನ್ನು ಸಂದರ್ಶನಕ್ಕೆ ಕರೆಸಬೇಕು, ಅವರಲ್ಲಿ ಒಬ್ಬರನ್ನು ಆರಿಸಲು ಕಂಪನಿಯ ಮೇಡಮ್ ಬರುತ್ತಾರೆ. ಮೋನಮ್ಮ ಎಂಬ ಹೆಸರು ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ.

ಮೊದಲು ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಹೆಡ್ ಕ್ಲಾರ್ಕು ಕಣ್ಣೊರೆಸಿಕೊಂಡು, "ಸೋದರಮಾವನ ಮನಿ ಒಂದ್ ಉಳೀತಲ್ರಿ," ಅಂದ. ಮೋನಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. ಆಮೇಲೆ ಸಾಹೇಬರು ನಗು ನಿಲ್ಲಿಸಿದರು. ಅವರು ದಕ್ಷಿಣದ ಕಡೆಯವರು, ಮೆತ್ತಗೆ ಮಾತಾಡುವವರು, ಮತ್ತು ಆಡಿಟ್ ಅಂದರೆ ಜ್ವರ ಬರುವವರು.

"ಇದು ನಗೋ ವಿಷಯ ಅಲ್ಲ ಕಣ್ರೀ. ಇಲ್ಲದ ಮೂರು ಹೆಸರಲ್ಲಿ ಕೆಲಸ ತೋರಿಸಿದ್ದೀರಿ, ಮೂರು ಕೂಲಿ ಎಲ್ಲಿ ಹೋಯ್ತು ಅಂತ ಕೇಳಿದ್ರೆ ನಾನೇನು ಹೇಳಲಿ? ನೋಡಮ್ಮ, ಸುಲಭದ ದಾರಿ ಒಂದಿದೆ. ಇಬ್ಬರು ಕೆಲಸ ಬಿಟ್ಟು ಹೋದ್ರು, ಉಳಿದಿರೋಳು ನಾನೇ ಗಂಡನಮನಿ ಅಂತ ಹೇಳಿಬಿಡು. ಹುದ್ದೇನೂ ಸಿಗುತ್ತೆ, ಮನೇನೂ ಸಿಗುತ್ತೆ. ಬೇರೆ ಏನಾದ್ರೂ ಹೇಳಿದ್ಯೋ, ಇರೋ ದಿನಗೂಲಿಯೂ ಹೋಗುತ್ತೆ."

ನನಗೂ ಅದೇ ಸರಿ ಅನಿಸಿತು. ಅವಳನ್ನು ನಕ್ಷೆಯ ಕೋಣೆಗೆ ಕರೆದು, "ತಂಗಿ, ಸಾಹೇಬ್ರು ಹೇಳಿದಂಗ ಕೇಳು. ನಾಕ ದಿನ ಗಂಡನಮನಿ ಬಾಯಿ ಆಗು. ಕೀಲಿ ಕೈಯಾಗ ಬಂದ ಮ್ಯಾಲ ಹೆಸರು ತಿದ್ದಿಸಿದ್ರಾತು," ಅಂದೆ.

ಅವಳು ಗೋಡೆಯ ಮೇಲಿನ ಕಾಲುವೆ ನಕ್ಷೆಯ ಕಡೆ ತಿರುಗಿದಳು.

"ಆ ಹೆಸರಿನ್ಯಾಗ ಮನಿ ತೊಗೊಂಡ್ರ, ಅದೂ ಗಂಡನ ಮನಿನೇ ಆತಲ್ರಿ ಅಣ್ಣಾರ," ಅಂದಳು.

"ಹಂಗಂತ ಕುಂತ್ರ ಇದ್ದ ಕೂಲಿನೂ ಹೋಗ್ತದ. ಹುಚ್ಚಿ ಏನ್ ನೀನು?" ಎಂದು ರೇಗಿದೆ. ಅವಳು ಸೆರಗಿನಿಂದ ಮೇಜಿನ ಧೂಳು ಒರೆಸಿ ಹೊರಗೆ ಹೋದಳು.

ಮೇಡಮ್ ಬಂದರು. ಐವತ್ತು ದಾಟಿದ, ಸೋಲಾಪುರಿ ಸೀರೆಯ, ಚೂಪು ಕಣ್ಣಿನ ಹೆಂಗಸು. ಅವರಿಗೆ ಮರಾಠಿ, ಹಿಂದಿ, ಇಂಗ್ಲಿಷ್ ಬರುತ್ತಿತ್ತು, ಕನ್ನಡ ಇಲ್ಲ. ಮೋನಮ್ಮನಿಗೆ ನಮ್ಮ ಕಡೆಯ ಮುರುಕು ಹಿಂದಿ ಬರುತ್ತಿತ್ತು, ಆದರೆ ದೊಡ್ಡವರ ಎದುರು ಅದೂ ಒಣಗಿ ಹೋಗುತ್ತಿತ್ತು. ಮಾತು ತಿರುಗಿಸಿ ಹೇಳಲು ಸಾಹೇಬರು ನನ್ನನ್ನು ಒಳಗೆ ಕೂರಿಸಿದರು. ಮೂರು ಕುರ್ಚಿ ಹಾಕಿದ್ದರು. ಮೋನಮ್ಮ ನಡುವಿನ ಕುರ್ಚಿಯ ತುದಿಯಲ್ಲಿ ಕೂತಳು.

"ಉಳಿದ ಇಬ್ಬರು ಎಲ್ಲಿ?" ಎಂದು ಮೇಡಮ್ ಕೇಳಿದರು.

ಸಾಹೇಬರು ಬಾಯಿ ತೆರೆದರು. ಅದಕ್ಕೂ ಮೊದಲು ಮೋನಮ್ಮ ಕನ್ನಡದಲ್ಲೇ ಹೇಳಿದಳು. "ಮೂರೂ ಮಂದಿ ನಾನೇರಿ."

ನಾನು ಹಿಂದಿಯಲ್ಲಿ ಹೇಳಿದೆ. ಮೇಡಮ್‌ಗೆ ಅರ್ಥವಾಗಲಿಲ್ಲ. ಸಾಹೇಬರು ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡರು. ಮೋನಮ್ಮ ಎದ್ದು ಲ್ಯಾಪ್‌ಟಾಪ್ ತೆರೆದು, ಮೂರು ಖಾತೆಗಳಿದ್ದ ಪುಟ ತೋರಿಸಿ, ಯಾವ ಊರಲ್ಲಿ ಯಾವುದನ್ನು ಒತ್ತುತ್ತೇನೆ, ಒತ್ತದಿದ್ದರೆ ಪತ್ರ ಹೇಗೆ ಒಳಗೇ ಉಳಿಯುತ್ತದೆ ಎಂದು ಹೇಳಿದಳು. ಹೆಸರು ಕೇಳುವ ಜಾಗದಲ್ಲಿ ಗುರುತಿಗೆ ಬರೆದದ್ದು, ಅದು ತನ್ನ ಹೆಸರು ಕೇಳುತ್ತಿದೆ ಎಂದು ಗೊತ್ತಾಗಲಿಲ್ಲ ಎಂದೂ ಹೇಳಿದಳು. ಮೇಡಮ್ ಕನ್ನಡಕ ಏರಿಸಿ ಪರದೆಯ ಹತ್ತಿರ ಬಗ್ಗಿ ಮೂರೂ ಹೆಸರನ್ನು ಒಂದೊಂದಾಗಿ ಓದಿದರು.

"ಈ ಶಬ್ದಗಳ ಅರ್ಥ ಏನು?" ಎಂದು ನನ್ನ ಕಡೆ ತಿರುಗಿದರು.

ಹೊರಗೆ ಕಿಟಕಿಯ ಹತ್ತಿರ ಅರ್ಧ ಕಚೇರಿ ಕಿವಿಗೊಟ್ಟು ನಿಂತಿತ್ತು. ಅವರೆಲ್ಲ ಖಂಡಪ್ಪನ ಅಂಗಡಿಯಲ್ಲೇ ಸಾಮಾನು ಕೊಳ್ಳುವವರು. ಆದರೂ ಹೇಳಿದೆ. ಮೈಕಾ, ಸಸುರಾಲ್, ಬಹನ್ ಕಾ ಘರ್. ಮೇಡಮ್ ಜೋರಾಗಿ ನಕ್ಕರು. "ಮಾಹೇರ್, ಸಾಸರ್!" ಎಂದು ಮರಾಠಿಯಲ್ಲಿ ತಮ್ಮಷ್ಟಕ್ಕೇ ಹೇಳಿಕೊಂಡು ಇನ್ನೂ ನಕ್ಕರು. ಆಮೇಲೆ ಮೋನಮ್ಮನ ಮುಖ ನೋಡಿ ನಗು ನಿಲ್ಲಿಸಿದರು.

"ಹಾಗಾದರೆ ನೀನು ಇರುವುದು ಯಾವ ಮನೆಯಲ್ಲಿ?"

"ಲ್ಯಾಪ್‌ಟಾಪ್ ಎಲ್ಲಿರ್ತದೋ ಅಲ್ಲೇರಿ," ಅಂದಳು ಮೋನಮ್ಮ.

"ನಿನ್ನ ಸ್ವಂತದ್ದು?"

ನಾನು ಆ ಪ್ರಶ್ನೆಯನ್ನು ಕನ್ನಡಕ್ಕೆ ತರಬೇಕಾಗಲಿಲ್ಲ. ಮೋನಮ್ಮ ನೆಟ್ಟಗೆ ಕೂತಳು. ಅಷ್ಟು ವರ್ಷಗಳಲ್ಲಿ ಅವಳು ಹಾಗೆ ಕೂತದ್ದನ್ನು ನಾನು ನೋಡಿದ್ದು ಅವತ್ತೇ.

"ಅದಕ್ಕೇ ಅಲ್ರಿ ಬಾಯಾರ, ಈ ನೌಕರಿ ಕೇಳಾಕತ್ತಿದ್ದು," ಅಂದಳು. "ನನ್ನನ್ನ ಯಾರೂ ಹೊರಗ ಹಾಕಿಲ್ರಿ. ಮೂರೂ ಮನ್ಯಾಗ ಉಣ್ಣಾಕ ಇಡ್ತಾರ, ಮಲಗಾಕ ಜಾಗಾ ಕೊಡ್ತಾರ. ಸುಳ್ಳು ಹೇಳಬಾರ್ದು. ಆದ್ರ ಎಲ್ಲಿ ಹ್ವಾದ್ರೂ ನಾ ಬಂದಾಕಿ ಆಗೇ ಇರ್ತೀನ್ರಿ. ಒಂದ್ ಬಾಗಲಾ ನಾನೇ ತಗದು, ನಾನೇ ಹಾಕ್ಕೋಬೇಕು. ಅಷ್ಟ ಆಸೆ. ಹೆಸರು ತಪ್ಪು ಬರದೀನಿ, ಅದಕ್ಕ ಬೇಕಾದ್ರ ಕೆಲಸದಿಂದ ತಗೀರಿ. ಬ್ಯಾರೆ ಹೆಸರು ಹೇಳಿ ಮಾತ್ರ ನಾ ಆ ಮನಿ ತೊಗೊಳಂಗಿಲ್ಲ."

ನಾನು ಇದನ್ನು ಹಿಂದಿಗೆ ತಂದೆನೋ ಇಲ್ಲವೋ ನೆನಪಿಲ್ಲ. ತಂದಿದ್ದರೂ ಅರ್ಧಂಬರ್ಧ ತಂದಿರಬೇಕು. ಮೇಡಮ್ ಸಾಹೇಬರ ಕಡೆ ತಿರುಗಿ, ಮೂವರ ಕೆಲಸವನ್ನು ಒಬ್ಬಳ ಕೈಲಿ ದಿನಗೂಲಿಯ ಮೇಲೆ ಮಾಡಿಸಿದ್ದೀರಿ, ನಾಚಿಕೆಯಾಗಬೇಕು ಎಂದು ಇಂಗ್ಲಿಷಿನಲ್ಲಿ ಬಾರಿಸಿದರು. ಸಾಹೇಬರು "ಯೆಸ್ ಮೇಡಮ್" ಅಂದರು. ಆಮೇಲೆ ಮೇಡಮ್ ಮೋನಮ್ಮನನ್ನು ಪಕ್ಕಕ್ಕೆ ಕೂರಿಸಿಕೊಂಡು, ಮೂರೂ ಖಾತೆಗಳ ಹೆಸರಿನ ಜಾಗದಲ್ಲಿ ಅವಳ ಕೈಯಿಂದಲೇ ಅವಳ ಹೆಸರು ಬರೆಸಿದರು.

ಹುದ್ದೆಯ ಆದೇಶ ಮಳೆಗಾಲಕ್ಕೆ ಬಂತು. ಸುದ್ದಿ ಮೂರೂ ಮನೆಗೆ ಮುಟ್ಟಿತು, ಮೂರೂ ಮನೆಯವರಿಗೆ ನೋವಾಯಿತು. ಹಾಗಾಗುತ್ತದೆಂದು ನಾನು ಎಣಿಸಿರಲಿಲ್ಲ. ಸಂತೋಷ ಪಡುತ್ತಾರೆ ಎಂದುಕೊಂಡಿದ್ದೆ. ಯಂಕಣ್ಣ ದೇವಾಪುರದಿಂದ ನೇರ ಕಚೇರಿಗೇ ಬಂದ. ಕೆಸರು ಮೆಟ್ಟಿದ ಕಾಲಲ್ಲೇ ವರಾಂಡದಲ್ಲಿ ನಿಂತು, "ನಾವೇನ್ ಕಡಿಮಿ ಮಾಡೀವಿ ನಿನಗ? ಹೆಂಗಸು ಒಬ್ಬಾಕಿ ಕ್ಯಾಂಪಿನ್ಯಾಗ ಇದ್ರ ಮಂದಿ ನಮ್ಮ ಮಾರಿಗೆ ಏನಂತಾರ?" ಎಂದು ಕೇಳಿದ. ಲಾಲಮ್ಮ ಫೋನಿನಲ್ಲಿ ಅತ್ತಳು. ಖಂಡಪ್ಪ ಬರಲಿಲ್ಲ. ಅವನ ಬದಲು ಮಲ್ಲಾಬಾಯಿ ಬಂದಳು, ಸ್ಟೀಲ್ ಡಬ್ಬಿ, ತವೆ, ಹೊಸ ಹಾಸಿಗೆ ಎಲ್ಲ ಆಟೋದಲ್ಲಿ ಹೇರಿಕೊಂಡು. ಸಾಮಾನೆಲ್ಲ ತಾನೇ ಇಳಿಸಿದಳು. ಹೊರಡುವಾಗ, "ಅಕ್ಕಾ, ನಿನ್ನ ಮಂಚದ ಮ್ಯಾಲ ಇನ್ನ ಚೀಲ ಇಡಂಗಿಲ್ಲ. ಬರೂದಾದ್ರ ಬಾ," ಅಂದಳು. ಮೋನಮ್ಮ ಅವಳನ್ನು ತಬ್ಬಿಕೊಂಡು ಅತ್ತಳು. ಅಣ್ಣನ ಮುಂದೆ ಅಳಲಿಲ್ಲ, ಅಕ್ಕನ ಫೋನಿಗೂ ಅಳಲಿಲ್ಲ.

ಅವಳು ಮೂಲೆ ಮನೆಗೆ ಹೋದಳು, ಬೇರೆ ಊರಿನ ಪಾಳಿ ಇದ್ದ ದಿನವೂ ಸಂಜೆ ಜೀಪಿನಲ್ಲಿ ಅಲ್ಲಿಗೇ ಮರಳುತ್ತಿದ್ದಳು. ನಾವು ಊಟಕ್ಕೆ ಕರೆಯುತ್ತಾಳೆಂದು ಕಾದೆವು. ಕರೆಯಲಿಲ್ಲ. ಕಚೇರಿಗೆ ಬುತ್ತಿಯನ್ನೂ ತರುತ್ತಿರಲಿಲ್ಲ. ಬಾಳೆಹಣ್ಣು, ಚುರುಮುರಿ ತಿಂದು ಮಧ್ಯಾಹ್ನ ಕಳೆಯುತ್ತಿದ್ದಳು. ಮೈ ಇಳಿದಿತ್ತು. ನನಗೆ ಸಿಟ್ಟು ಬಂದು ನನ್ನ ಹೆಂಡತಿ ಹಣಮಂತಮ್ಮನನ್ನು ಕಳಿಸಿದೆ, ಏನಾಗಿದೆ ನೋಡಿ ಬಾ ಅಂತ. ಹಣಮಂತಮ್ಮ ಹೋಗಿ ನೋಡಿ ಬಂದಳು.

"ಅಡಗಿ ಮನ್ಯಾಗ ಸಾಮಾನೆಲ್ಲಾ ಜೋಡಿಸಿ ಇಟ್ಟಾಳ. ಒಲಿ ಹಚ್ಚೇ ಇಲ್ಲ," ಅಂದಳು. "ಯಾಕವಾ ಅಂದ್ರ, ಏನ್ ಮಾಡ್ಕೊಂಡು ಉಣ್ಬೇಕಂತ ತಿಳಿವಲ್ದು ಅಂತಾಳ. ಅಣ್ಣನ ಮನ್ಯಾಗ ಅವ್ರು ಮಾಡಿದ್ದು, ಅಕ್ಕನ ಮನ್ಯಾಗ ಅಕ್ಕನ ರುಚಿ, ಗಂಡನ ಮನ್ಯಾಗ ಮಕ್ಕಳು ಉಂಡು ಉಳದದ್ದು. ಇಷ್ಟ ವರ್ಷ ಎಲ್ಲಾದಕ್ಕೂ ಛಲೋ ಆಗ್ಯದ ಅಂತ ಹೇಳಿ ಉಂಡಾಳ. 'ಅಕ್ಕಾ, ನನಗ ಏನ್ ಸೇರ್ತದ ಅಂತ ನನಗೇ ಗೊತ್ತಿಲ್ಲ' ಅಂದ್ಲು. ನಾ ಏನ್ ಹೇಳ್ಲಿ ಅಕಿಗಿ?"

ಅವತ್ತು ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಆಮೇಲೆ ಒಂದು ದಿನ ಅವಳ ಮನೆಯಿಂದ ಒಗ್ಗರಣೆಯ ವಾಸನೆ ಬಂತೆಂದು ರಾಜಾಸಾಬ ಹೇಳಿದ. ಮತ್ತೊಂದು ದಿನ ಏನೋ ಸೀದ ವಾಸನೆ ಬಂತು. ಬದನೆಕಾಯಿ, ಹೆಸರು ಕಾಳು, ಮೆಂತ್ಯ, ಸಂತೆಯಲ್ಲಿ ಸಿಕ್ಕಿದ್ದನ್ನೆಲ್ಲ ಒಂದೊಂದು ಹಿಡಿ ತರುತ್ತಿದ್ದಳಂತೆ. ದೀಪಾವಳಿ ಕಳೆದು ಚಳಿ ಶುರುವಾದಾಗ, ಒಂದು ಭಾನುವಾರ ಮಧ್ಯಾಹ್ನ, ನಮ್ಮಿಬ್ಬರನ್ನೂ ಊಟಕ್ಕೆ ಕರೆದಳು.

ಬಿಸಿ ಜೋಳದ ರೊಟ್ಟಿ, ಬೆಳ್ಳುಳ್ಳಿ ಹಾಕಿದ ಪುಂಡಿಪಲ್ಯ. ನಾವು ಚಾಪೆಯ ಮೇಲೆ ಕೂತೆವು. ನಮ್ಮ ಕಡೆ ಬಂದವರಿಗೆ ಬಡಿಸಿ, ಅವರು ಎದ್ದ ಮೇಲೆ ಮನೆಯ ಹೆಂಗಸು ಉಣ್ಣುವುದು. ಮೋನಮ್ಮ ನಮ್ಮ ತಾಟು ಮುಟ್ಟಲಿಲ್ಲ. ಮೊದಲು ತನ್ನ ತಾಟಿಗೆ ರೊಟ್ಟಿ ಹಾಕಿಕೊಂಡಳು, ಪಲ್ಯ ಹಾಕಿಕೊಂಡಳು, ನಮ್ಮ ಎದುರೇ ಒಂದು ತುತ್ತು ಬಾಯಿಗಿಟ್ಟಳು. ಕಣ್ಣು ಮುಚ್ಚಿ ನಿಧಾನ ಅಗಿದಳು. ಹಣಮಂತಮ್ಮ ನನ್ನ ಮೊಣಕೈ ಹಿಡಿದು ಅಮುಕಿದಳು. ಮೋನಮ್ಮ ಎದ್ದು ಉಪ್ಪಿನ ಭರಣಿ ತಂದು ಇನ್ನೊಂದು ಚಿಟಿಕೆ ಹಾಕಿಕೊಂಡು ಮತ್ತೆ ತಿಂದಳು.

"ನನಗ ಉಪ್ಪು ಮುಂದ ಬೇಕ್ರಿ ಅಣ್ಣಾರ," ಅಂದಳು. "ಮನ್ನೆ ಗೊತ್ತಾತು."

ಆಮೇಲೆ ನಮಗೆ ಬಡಿಸಿದಳು. ಪಲ್ಯ ನನ್ನ ಬಾಯಿಗೆ ಉಪ್ಪೋ ಉಪ್ಪು. ನಾನು ನೀರು ಕುಡಿಯುತ್ತ ಎರಡನೇ ಸಲವೂ ಹಾಕಿಸಿಕೊಂಡೆ.